ತರಬೇತಿಗೆ ಸೇರಿದ ಹೆಂಗಸರು ನಡುವೆಯೇ ಬಿಡುತ್ತಾರೆ, ಏನು ಮಾಡಲಿ?

ಪ್ರಶ್ನೆ: ತಾಲ್ಲೂಕು ಮಟ್ಟದಲ್ಲಿ ಸಣ್ಣ ಉದ್ಯಮದ ತರಬೇತಿ ನಡೆಸುತ್ತೇವೆ. ಹೆಸರು ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಕೊನೆಯ ದಿನ ಉಳಿಯುವವರು ನಾಲ್ಕೈದು ಮಂದಿ. ಅನುಭವ ಇದ್ದವರು ಹೇಳಿ.

ಶಿರಸಿ ಕಡೆಯವಳು, ಹಪ್ಪಳ ಮಾಡುತ್ತೇನೆ: ಮೊದಲು ನಿಮ್ಮ ವೇಳಾಪಟ್ಟಿ ನೋಡಿ. ನಮಗೆ ತರಬೇತಿ ಇಟ್ಟಿದ್ದು ಮೇ ತಿಂಗಳಲ್ಲಿ, ಹತ್ತರಿಂದ ಐದು. ಹಲಸಿನ ಹಪ್ಪಳಕ್ಕೆ ಮಳೆ ಹಿಡಿಯುವ ಮುಂಚಿನ ಆ ಬಿಸಿಲೇ ಗತಿ. ಮೋಡ ಕಟ್ಟಿದರೆ ಓಡಿಹೋಗಿ ಅಂಗಳದ ಚಾಪೆ ಎತ್ತಬೇಕು. ತರಗತಿಯಲ್ಲಿ ಕೂತವರ ಕಣ್ಣೆಲ್ಲ ಕಿಟಕಿ ಕಡೆಗೇ. ಮೂರನೇ ದಿನ ಅರ್ಧ ಜನ ಇರಲಿಲ್ಲ, ಅವರ ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಎಂದು ಬರೆದುಕೊಂಡರು. ಆ ಎರಡು ಪದ ನನಗೆ ಈಗಲೂ ನೋವು ಕೊಡುತ್ತದೆ. ಮರುವರ್ಷ ಹಠ ಹಿಡಿದು ಆಗಸ್ಟ್‌ಗೆ ಹಾಕಿಸಿದೆವು: ಹನ್ನೊಂದರಿಂದ ಮೂರು, ಅಂಗನವಾಡಿ ಪಕ್ಕದ ಸಭಾಭವನದಲ್ಲಿ. ಬಹುತೇಕ ಎಲ್ಲರೂ ಕೊನೆಯವರೆಗೆ ಬಂದರು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿದೆ, ಆದರೆ ನಮ್ಮೂರಿನ ಕೊನೆಯ ಬಸ್ಸು ನಾಲ್ಕೂವರೆಗೇ.

ಹುಬ್ಬಳ್ಳಿಯಿಂದ, ಹೊಲಿಗೆ ಘಟಕ: ನನ್ನ ತರಬೇತಿ ಚಲೋ ಆತು, ಸಿಕ್ಕಿಬಿದ್ದದ್ದು ಬ್ಯಾಂಕಿನಾಗ. ‘ಯಜಮಾನ್ರನ್ನ ಕರಕೊಂಡು ಬರ್ರಿ, ಮನಿ ಪತ್ರ ತರ್ರಿ’ ಅಂದ್ರು. ಮನಿ ಮಾವನವರ ಹೆಸರಿನಾಗೈತಿ. ಸಣ್ಣ ಉದ್ಯಮಕ್ಕ 10 ಲಕ್ಷದ ತನಕ ಸಾಲಕ್ಕ ಅಡಮಾನ ಕೇಳಬಾರದು ಅಂತ ಆಗ ರಿಸರ್ವ್ ಬ್ಯಾಂಕ್ ಹೇಳಿತ್ತು, ನಮಗ ಅದು ಗೊತ್ತೇ ಇರಲಿಲ್ಲ. ಕಡೀಗೆ ತರಬೇತಿ ಕೊಟ್ಟ ಮೇಡಂ ನನ್ನ ಜೊತಿ ಬಂದು ಎದುರಿನ ಕುರ್ಚಿಯಾಗ ಕೂತರು, ಅರ್ಜಿ ಮುಂದ ಹೋತು. ನಿಮ್ಮ ಕಡೆಯಿಂದನೂ ಒಬ್ಬರು ಬ್ಯಾಂಕಿಗೆ ಜೊತಿಗೆ ಹೋಗ್ರಿ. ಅದಿಲ್ಲಂದ್ರ ಕಲಿಸಿದ್ದು ನೋಟ್‌ಬುಕ್ಕಿನಾಗ ಉಳೀತದ.

ತರಬೇತುದಾರ, ತುಮಕೂರು: ಸ್ವಂತ ಉದ್ಯಮಕ್ಕೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲಿ ಮಹಿಳೆಗೆ ಗ್ರಾಮೀಣ ಭಾಗದಲ್ಲಿ ಶೇ 35 ಸಬ್ಸಿಡಿ, ಸ್ವಂತ ಪಾಲು ಶೇ 5 ಸಾಕು. ಅದಕ್ಕೇ ಹೆಂಡತಿ ಹೆಸರಲ್ಲಿ ಅರ್ಜಿ ಹಾಕುವ ಗಂಡಸರೂ ಬರುತ್ತಾರೆ. ಸರಕು ಯಾರು ತರುತ್ತಾರೆ, ಚೆಕ್‌ಗೆ ಯಾರು ಸಹಿ ಹಾಕುತ್ತಾರೆ ಎಂದು ಆಕೆಯನ್ನೇ ಕೂರಿಸಿಕೊಂಡು ಕೇಳಿ. ಎಣಿಕೆಗೆ ಮಾತ್ರ ಹೆಂಗಸರಿದ್ದರೆ ಏನು ಬಂತು?

ಶಿರಸಿಯವಳೇ, ಇನ್ನೊಂದು ಮಾತು: ತರಬೇತಿಯ ಅರ್ಜಿಯಲ್ಲಿರುವ ಮೊಬೈಲ್ ನಂಬರ್ ಯಾರದೆಂದು ವಿಚಾರಿಸಿ. ನಮ್ಮಲ್ಲಿ ಸುಮಾರು ಜನರದ್ದು ಗಂಡನದೋ ಮಗನದೋ ಆಗಿತ್ತು. ತರಗತಿ ಸೋಮವಾರಕ್ಕೆ ಬದಲಾದ ಸಂದೇಶ ಅವರ ಜೇಬಿನಲ್ಲೇ ಉಳಿಯಿತು. ಶನಿವಾರ ನಾವು ಏಳು ಮಂದಿ ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದೆವು.