ಸಹಾಯ ಬೇಕು: ಕ್ಯಾಶ್ಮೀರ್ ಸ್ವೆಟರ್‌ನ ನುಸಿ ತೂತು ಮುಚ್ಚಲು ನೂಲು, ಕೈ ಎರಡೂ ಬೇಕು

ಎಲ್ಲರಿಗೂ ನಮಸ್ಕಾರ. ಸ್ವೆಟರ್ ಅಪ್ಪಟ ಕ್ಯಾಶ್ಮೀರ್ (ಮೇಕೆಯ ನಯವಾದ ಉಣ್ಣೆ), ಎರಡೆಳೆ ನೂಲು, 12 ಗೇಜ್ ಹೆಣಿಗೆ (ಅಂದರೆ ಸಣ್ಣ ಕುಣಿಕೆಗಳ ತೆಳು ಹೆಣಿಗೆ), ಬೂದು ಬಣ್ಣ. ಮೊಣಕೈ ಹತ್ತಿರ ನುಸಿ ತಿಂದ ಎರಡು ತೂತುಗಳಿವೆ, ಒಂದು 3 ಮಿ.ಮೀ., ಇನ್ನೊಂದು 8. ದೊಡ್ಡ ತೂತಿನಲ್ಲಿ ಕುಣಿಕೆಗಳು ಮೂರು ಸಾಲು ಬಿಚ್ಚಿವೆ. ಇನ್ನಷ್ಟು ಜಾರದಂತೆ ಸದ್ಯಕ್ಕೆ ತೆಳು ಹತ್ತಿ ದಾರ ಪೋಣಿಸಿದೆ.

ಹುಳು ಕೊಲ್ಲುವ ಕೆಲಸ ಮುಗಿದಿದೆ. ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಲಿಲ್ಲ (ತಕ್ಷಣ ಬಿಚ್ಚಿದರೆ ತೇವವೆಲ್ಲ ಬಟ್ಟೆಯ ಮೇಲೆ ಕೂರುತ್ತದೆ). ಆಮೇಲೆ ಉಣ್ಣೆಯ ಲಿಕ್ವಿಡ್‌ನಲ್ಲಿ ಒಗೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಮಟ್ಟಸವಾಗಿ ಹರಡಿ ಒಣಗಿಸಿದ್ದು. ಕಿಣ್ವವಿರುವ ಸಾಮಾನ್ಯ ಡಿಟರ್ಜೆಂಟ್ ದಯವಿಟ್ಟು ಸೂಚಿಸಬೇಡಿ. ರಕ್ತ, ಹಾಲಿನ ಕಲೆ ತೆಗೆಯುವ ಪ್ರೋಟಿಯೇಸ್ ಎಂಬ ಕಿಣ್ವ ಉಣ್ಣೆಯ ಪ್ರೋಟೀನನ್ನೂ ಬಿಡುವುದಿಲ್ಲ.

ಈಗ ಬೇಕಾದದ್ದು: ಬೆಂಗಳೂರಿನಲ್ಲಿ 2/26 ಅಥವಾ 2/28 ಎಣಿಕೆಯ (ನೂಲಿನ ದಪ್ಪದ ಅಳತೆ, 2 ಅಂದರೆ ಎರಡೆಳೆ) ಕ್ಯಾಶ್ಮೀರ್ ನೂಲು ಐದಾರು ಮೀಟರ್ ಚಿಲ್ಲರೆಯಾಗಿ ಎಲ್ಲಿ ಸಿಗುತ್ತದೆ? ಬಣ್ಣ ತುಸು ಆಚೀಚೆ ಆದರೂ ಸರಿ, ದಪ್ಪ ಹೊಂದಲೇಬೇಕು. ದಪ್ಪ ನೂಲಾದರೆ ಆ ಜಾಗ ಗಂಟಿನಂತೆ ಉಬ್ಬುತ್ತದೆ. ಅಕ್ರಿಲಿಕ್ ಬೇಡ.

ಎರಡನೆಯದು, ಇದೇ ಮುಖ್ಯ: ಹೆಣಿಗೆಯ ಕುಣಿಕೆಯನ್ನೇ ಮರುಕಟ್ಟಬಲ್ಲ ರಫೂಗಾರರು (ತೂತು ಕಾಣದಂತೆ ನೂಲಿನಿಂದ ಮುಚ್ಚುವವರು) ಯಾರಾದರೂ ಗೊತ್ತೇ? ಶಾಲಿಗೆ ಮಾಡುವ ಹಾಸು-ಹೊಕ್ಕಿನ ರಫೂ ಎಷ್ಟೇ ನಾಜೂಕಾಗಿದ್ದರೂ ಸ್ವೆಟರ್‌ನಲ್ಲಿ ಹಿಗ್ಗುವುದಿಲ್ಲ. ಮೊಣಕೈ ಮಡಚಿದಾಗೆಲ್ಲ ಅಂಚಿನ ಕುಣಿಕೆಗಳನ್ನು ಎಳೆದು ಹೊಸ ತೂತು ಮಾಡುತ್ತದೆ. ಮೈಸೂರು, ಹುಬ್ಬಳ್ಳಿಯಲ್ಲಿದ್ದರೂ ಪರವಾಗಿಲ್ಲ, ಕೊರಿಯರ್ ಮಾಡಬಹುದು. ಅವರು ಮಾಡಿದ ಕೆಲಸದ ಒಳಬದಿಯ ಫೋಟೋ ಇದ್ದರೆ ಹಾಕಿ.