ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್: ಭತ್ತ ನಾಟಿ ಮಾಡಬಹುದೇ?

ಕೇಳಿದವರು, ಲಿಂಗಸುಗೂರು ತಾಲ್ಲೂಕು

ನಮ್ಮ ಹೊಲ ಹಟ್ಟಿ ಚಿನ್ನದ ಗಣಿಯ ಆಸುಪಾಸಿನಲ್ಲಿದೆ. ಹೊಸ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಟ್ಟಾಗ ಲೀಟರಿಗೆ 60 ಮೈಕ್ರೋಗ್ರಾಂ ಆರ್ಸೆನಿಕ್ ಇದೆ ಎಂದು ವರದಿ ಬಂದಿದೆ. ಎರಡು ಎಕರೆಯಲ್ಲಿ ಭತ್ತ ನಾಟಿ ಮಾಡುವ ಆಸೆ. ನೀರಾವರಿಗೆ 100ರವರೆಗೂ ನಡೆಯುತ್ತದೆ ಎಂದು ಒಬ್ಬರು, ಬೋರ್‌ವೆಲ್ಲನ್ನೇ ಮುಚ್ಚಿಬಿಡಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಅನುಭವವಿದ್ದವರು ತಿಳಿಸಿ.

ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯಲ್ಲಿ ಕೃಷಿ ವಿಸ್ತರಣೆಯ ಕೆಲಸ ಮಾಡಿದವರು

100 ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನೀರಾವರಿಗೆ ಸೂಚಿಸಿದ ಮಿತಿ. ಆದರೆ ಭತ್ತದ ವಿಷಯದಲ್ಲಿ ಅದೊಂದನ್ನೇ ನಂಬಿ ಕೂರಬೇಡಿ. ಲೆಕ್ಕ ಹಾಕಿ ನೋಡಿ: ಒಂದು ಬೆಳೆಗೆ ಒಂದು ಮೀಟರ್ ಎತ್ತರದಷ್ಟು ಬೋರ್‌ವೆಲ್ ನೀರು ಹಾಯಿಸಿದರೆ, ನಿಮ್ಮ ನೀರಿನಿಂದ ಎಕರೆಗೆ ಸುಮಾರು 240 ಗ್ರಾಂ ಆರ್ಸೆನಿಕ್ ಹೊಲಕ್ಕೆ ಬಂದು ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ನದಿಯಾ, ಮುರ್ಷಿದಾಬಾದ್ ಕಡೆಯ ಬೇಸಿಗೆ ಭತ್ತದ ಗದ್ದೆಗಳಲ್ಲಿ ಆದದ್ದು ಇದೇ.

ಭತ್ತಕ್ಕೇ ಈ ತೊಂದರೆ ಏಕೆ ಹೆಚ್ಚು ಎಂದರೆ, ಗಾಳಿಯಾಡುವ ಮಣ್ಣಿನಲ್ಲಿ ಆರ್ಸೆನಿಕ್ಕನ್ನು ಕಬ್ಬಿಣದ ಅಂಶ ಹಿಡಿದಿಟ್ಟುಕೊಂಡಿರುತ್ತದೆ. ಗದ್ದೆಯಲ್ಲಿ ನೀರು ನಿಂತು ಆಮ್ಲಜನಕ ತೀರಿದೊಡನೆ ಆ ಹಿಡಿತ ಸಡಿಲವಾಗುತ್ತದೆ. ಆಗ ಭತ್ತದ ಬೇರು ಸಿಲಿಕಾನ್ ಹೀರುವ ದಾರಿಯಲ್ಲೇ ಅದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಜೋಳ, ತೊಗರಿ, ಕಡಲೆಗೆ ನೀರು ನಿಲ್ಲಿಸುವುದಿಲ್ಲ, ನೀರಿನ ಒಟ್ಟು ಬಳಕೆಯೂ ಬಹಳ ಕಡಿಮೆ. ನನ್ನನ್ನು ಕೇಳಿದರೆ ಈ ಬೋರ್‌ವೆಲ್ಲನ್ನು ಅವುಗಳಿಗೆ ಇಟ್ಟುಕೊಳ್ಳಿ. ಕಾಲುವೆ ನೀರು ಸಿಕ್ಕರೆ ಮಾತ್ರ ಭತ್ತ.

ಭತ್ತವೇ ಬೇಕೆಂದಿದ್ದರೆ ನೀರನ್ನು ಸದಾ ನಿಲ್ಲಿಸಬೇಡಿ. ಸುತ್ತಲೂ ತೂತು ಕೊರೆದ ಕೊಳವೆಯ ತುಂಡೊಂದನ್ನು ಗದ್ದೆಯಲ್ಲಿ ಹೂಳಿ, ಒಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ಹಾಯಿಸಿ. ಹೂ ಬಿಡುವ ಸಮಯದಲ್ಲಿ ಮಾತ್ರ ನೀರು ಕಡಿಮೆಯಾಗಲು ಬಿಡಬಾರದು, ಕಾಳು ಜೊಳ್ಳಾಗುತ್ತದೆ. ಹೀಗೆ ಮಾಡಿದರೆ ಮಣ್ಣಿಗೆ ಗಾಳಿಯಾಡಿ ಕಬ್ಬಿಣದ ಹಿಡಿತ ಉಳಿಯುತ್ತದೆ, ನೀರು ಕಡಿಮೆ ಬಿದ್ದಷ್ಟೂ ಹೊಲಕ್ಕೆ ಬರುವ ವಿಷವೂ ಕಡಿಮೆ, ಹಾಗಾಗಿ ಇದರಿಂದ ಎರಡು ಕಡೆಯಿಂದ ಲಾಭ. ಬಂಗಾಳದಲ್ಲಿ ಆರ್ಸೆನಿಕ್ ಕಡಿಮೆ ಹೀರುವ ಮುಕ್ತಶ್ರೀ ಎಂಬ ತಳಿಯನ್ನೂ ಬಿಡುಗಡೆ ಮಾಡಿದ್ದಾರೆ. ನಮ್ಮ ಕಡೆಗೆ ಹೊಂದುತ್ತದೆಯೇ ಎಂದು ಕೃಷಿ ವಿಶ್ವವಿದ್ಯಾಲಯದವರನ್ನು ಕೇಳದೆ ತರಿಸಬೇಡಿ.

ಹುಲ್ಲಿನ ಮಾತು ಮರೆಯಬಾರದು. ಕಾಳಿಗಿಂತ ಹುಲ್ಲಿನಲ್ಲಿ ಆರ್ಸೆನಿಕ್ ಹೆಚ್ಚು. ಆ ಹುಲ್ಲನ್ನೇ ದನಗಳಿಗೆ ಹಾಕಿದರೆ ಅದು ಅವುಗಳ ಹೊಟ್ಟೆಗೆ ಹೋಗುತ್ತದೆ.

ಸುರಪುರ ತಾಲ್ಲೂಕಿನ ಆರೋಗ್ಯ ಕಾರ್ಯಕರ್ತೆ

ಹೊಲದ ವಿಚಾರ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನನಗೆ ಆತಂಕ ಬೇರೆ: ಆ ಬೋರ್‌ವೆಲ್ ಹತ್ತಿರ ಕೆಲಸ ಮಾಡುವವರು ಬಾಯಾರಿದಾಗ ಏನು ಕುಡಿಯುತ್ತಾರೆ? ಕುಡಿಯುವ ನೀರಿಗೆ ಮಿತಿ 10 ಮಾತ್ರ, ನಿಮ್ಮದು ಆರು ಪಟ್ಟು. ನಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಇಂಥ ನೀರು ಕುಡಿದವರ ಚರ್ಮದ ಮೇಲೆ ಕಲೆ, ಅಂಗೈ ಅಂಗಾಲುಗಳಲ್ಲಿ ಗಂಟು ಕಾಣಿಸಿಕೊಂಡಿದ್ದು ಅಧ್ಯಯನಗಳಲ್ಲೇ ದಾಖಲಾಗಿದೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಇದು ತಿಳಿಯುವುದಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಾಢವಾಗುತ್ತದೆ. ಪಂಪಿನ ಮೇಲೆ ಕೆಂಪು ಬಣ್ಣದಲ್ಲಿ ‘ಕುಡಿಯಬೇಡಿ’ ಎಂದು ಬರೆಸಿ, ಕೂಲಿಗೆ ಬರುವವರಿಗೆ ಬಾಯಲ್ಲೂ ಹೇಳಿ.

ಅಕ್ಕಿಯ ಬಗ್ಗೆ ಅನುಮಾನವಿದ್ದರೆ ನಮ್ಮ ಅಜ್ಜಿಯರಂತೆ ಶುದ್ಧ ನೀರನ್ನು ಧಾರಾಳವಾಗಿ ಇಟ್ಟು ಬೇಯಿಸಿ ಗಂಜಿ ಬಸಿಯಿರಿ. ಕುಕ್ಕರಿನಲ್ಲಿ ನೀರೆಲ್ಲ ಅನ್ನಕ್ಕೇ ಇಂಗುವುದಕ್ಕಿಂತ ಇದು ಮೇಲು. ಬೇಯಿಸುವ ನೀರೇ ಆ ಬೋರ್‌ವೆಲ್ಲಿನದಾದರೆ ಬಸಿದೂ ಪ್ರಯೋಜನವಿಲ್ಲ.

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು

ಒಂದೇ ವರದಿಯ ಮೇಲೆ ತೀರ್ಮಾನ ಬೇಡ. ಪಂಪು ಸ್ವಲ್ಪ ಹೊತ್ತು ಓಡಿದ ಮೇಲೆ ಮಾದರಿ ಹಿಡಿಯಿರಿ, ಪ್ರಯೋಗಾಲಯದವರು ಆಮ್ಲ ಹಾಕಿ ಕೊಡುವ ಬಾಟಲಿಯಲ್ಲೇ ಕಳುಹಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾಡಿಸಿ. ಮೇಲಿನ 15 ಸೆಂಟಿಮೀಟರ್ ಮಣ್ಣನ್ನೂ ಈಗಲೇ ಪರೀಕ್ಷೆ ಮಾಡಿಸಿಡಿ, ಇಲ್ಲವಾದರೆ ಐದು ವರ್ಷದ ನಂತರ ಎಷ್ಟು ಏರಿತೆಂದು ಹೋಲಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಅಕ್ಕಿಯನ್ನು ಪರೀಕ್ಷೆಗೆ ಕೊಡುವಾಗ ಅಜೈವಿಕ ಆರ್ಸೆನಿಕ್ (ಅದರ ಹೆಚ್ಚು ವಿಷಕಾರಿ ರೂಪ) ಎಷ್ಟು ಎಂದು ಬಿಡಿಸಿ ಕೇಳಿ. ಪಾಲಿಶ್ ಅಕ್ಕಿಗೆ ಅಂತರರಾಷ್ಟ್ರೀಯ ಮಿತಿ ಕಿಲೋಗೆ 0.2 ಮಿಲಿಗ್ರಾಂ ಇರುವುದು ಅದಕ್ಕೇ, ಒಟ್ಟು ಆರ್ಸೆನಿಕ್‌ಗೆ ಅಲ್ಲ.