ಕ್ರಿಸ್‌ಮಸ್ ರಜೆಗೆ ಮ್ಯೂನಿಕ್‌ನಿಂದ ಹಾಸನಕ್ಕೆ: ಹೊರಡುವ ವಾರ ಏನೇನು ಮುಗಿಸಬೇಕು?

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇವೆ, ನಾವಿಬ್ಬರು ಮತ್ತು ನಾಲ್ಕು ವರ್ಷದ ಮಗಳು. 2026ರ ಡಿಸೆಂಬರ್ 19ರ ಶನಿವಾರ ಹೊರಟು ಮಧ್ಯರಾತ್ರಿ ಕಳೆದು ಬೆಂಗಳೂರಲ್ಲಿ ಇಳಿಯುತ್ತೇವೆ. ಊರು ಹಾಸನ, ಹೆಂಡತಿಯ ತವರು ಚಿಕ್ಕಮಗಳೂರು ಕಡೆ ತೋಟ. ಜನವರಿ 3ಕ್ಕೆ ವಾಪಸ್. ಹೊರಡುವ ವಾರ ಆಫೀಸ್ ಪಾರ್ಟಿ, ಮಗಳ ಶಿಶುವಿಹಾರದ ಕಾರ್ಯಕ್ರಮ, ಖರೀದಿ ಎಲ್ಲಾ ಒಟ್ಟಿಗೇ ಬಿದ್ದಿದೆ. ಮನೆಗೆ ಬೀಗ ಹಾಕುವ ಮೊದಲು ಏನು ನೋಡಬೇಕು? ಊರಲ್ಲಿ ಬ್ಯಾಂಕ್ ಕೆಲಸ ಯಾವಾಗ? ಏನು ತರಬಹುದು, ಏನು ಒಯ್ಯಬಹುದು? ತಿಳಿದವರು ಹೇಳಿ.

ಉತ್ತರ 1
ಮೊದಲು ತಾರೀಖು ನೋಡಿಕೊಳ್ಳಿ ಸರ್. ಈ ಸಲ ಕ್ರಿಸ್‌ಮಸ್ ಶುಕ್ರವಾರ, 26 ನಾಲ್ಕನೇ ಶನಿವಾರ, 27 ಭಾನುವಾರ. ಬ್ಯಾಂಕು, ತಾಲ್ಲೂಕು ಕಚೇರಿ ಎಲ್ಲಾ ಮೂರು ದಿನ ಸಾಲಾಗಿ ಬಂದ್. ಭಾನುವಾರ ಇಳಿದು ‘ಎರಡು ದಿನ ಸುಧಾರಿಸಿಕೊಂಡು ಹೋಗೋಣ’ ಅಂದರೆ ಕೈಗೆ ಸಿಗೋದು ಬುಧವಾರ, ಗುರುವಾರ ಮಾತ್ರ. 21ರ ಸೋಮವಾರವೇ ಬ್ಯಾಂಕಿಗೆ ಹೋಗಿ. ‘ಇನ್ನೊಂದು ಕಾಗದ ಬೇಕು’ ಅಂತಾರೆ, ಅಂದೇ ಅಂತಾರೆ. ಆಗ 28ರಿಂದ 31ರವರೆಗೆ ಸಮಯ ಉಳಿದಿರುತ್ತದೆ.

ಹಳೇ ಎಸ್‌ಬಿ ಖಾತೆ ಹಾಗೇ ಇದ್ದರೆ ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆ, ಮಾಡಿಸಲೇಬೇಕು. ಹೊರದೇಶದಲ್ಲಿ ನೆಲೆಸಿ ಮಾಮೂಲಿ ಉಳಿತಾಯ ಖಾತೆ ನಡೆಸುವಂತಿಲ್ಲ. ಪಾಸ್‌ಪೋರ್ಟ್, ಜರ್ಮನಿಯ ರೆಸಿಡೆನ್ಸ್ ಕಾರ್ಡಿನ ಎರಡೂ ಬದಿಯ ನಕಲು, ಪ್ಯಾನ್, ಫೋಟೊ, ಅಲ್ಲಿನ ವಿಳಾಸದ ದಾಖಲೆ ಬೇಕು. ತಕರಾರು ಬರೋದು ಈ ಕೊನೆಯದರಲ್ಲೇ. ನಗರಸಭೆ ಕೊಡುವ ವಿಳಾಸ ಪತ್ರ ಜರ್ಮನ್ ಭಾಷೆಯಲ್ಲಿರುತ್ತದೆ, ಶಾಖೆಯವರು ಹಿಂದೆ ಮುಂದೆ ನೋಡುತ್ತಾರೆ. ಮ್ಯೂನಿಕ್ ವಿಳಾಸವಿರುವ ಬ್ಯಾಂಕ್ ಸ್ಟೇಟ್‌ಮೆಂಟನ್ನು ಇಂಗ್ಲಿಷಿನಲ್ಲಿ ತೆಗೆದು, ಹೊರಡುವ ವಾರವೇ ಪ್ರಿಂಟ್ ಹಾಕಿಸಿ. ಚಿಕ್ಕ ಶಾಖೆಗಳು ಮುಖ್ಯ ಶಾಖೆಗೆ ಅಟ್ಟುವುದೂ ಉಂಟು, ಅಪ್ಪಾಜಿ ಕೈಲಿ ಮೊದಲೇ ವಿಚಾರಿಸಿ ಇಟ್ಟಿರಿ. ಆಧಾರ್‌ಗೆ ಜೋಡಿಸಿದ ಸಿಮ್ಮಿಗೆ ಈಗಲೇ ರೀಚಾರ್ಜ್ ಮಾಡಿಸಿ. ಒಟಿಪಿ ಬಾರದಿದ್ದರೆ ಅರ್ಧ ಕೆಲಸ ಅಲ್ಲೇ ನಿಲ್ಲುತ್ತದೆ.

ಉತ್ತರ 2
ಜರ್ಮನಿ ಮನೆ ಬಗ್ಗೆ. ಹೀಟರ್ ಪೂರ್ತಿ ಆರಿಸಬೇಡಿ. ಗುಂಡಿಯಲ್ಲಿ ಹಿಮದ ನಕ್ಷತ್ರದ ಗುರುತಿದೆಯಲ್ಲ, ಅದು ರೇಡಿಯೇಟರ್ ಹೆಪ್ಪುಗಟ್ಟದ ಹಾಗೆ ಸುಮಾರು 6 ಡಿಗ್ರಿ ಕಾಯುತ್ತದೆ, ಅಷ್ಟೆ. ಗೋಡೆಗೆ ಬೂಷ್ಟು ಹಿಡಿಯಬಾರದು ಅಂದರೆ 1ಕ್ಕೂ 2ಕ್ಕೂ ನಡುವೆ ಇಡಿ. ಬಚ್ಚಲುಮನೆ ರೇಡಿಯೇಟರ್ ಮರೆಯೋದೇ ಹೆಚ್ಚು. ಪೈಪ್ ಒಡೆದರೆ ಬಾಡಿಗೆದಾರರ ಕುತ್ತಿಗೆಗೇ ಬರುತ್ತದೆ.

ಅಂಚೆಪೆಟ್ಟಿಗೆ ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು, ‘ಹಳದಿ ಲಕೋಟೆ ಬಂದರೆ ಎರಡೂ ಬದಿ ಫೋಟೊ ಕಳಿಸಿ’ ಅಂತ ಹೇಳಿ. ಹಳದಿ ಲಕೋಟೆ ಅಂದರೆ ಅಧಿಕೃತ ನೋಟಿಸು. ಪೋಸ್ಟ್‌ಮ್ಯಾನ್ ಪೆಟ್ಟಿಗೆಗೆ ಹಾಕಿ ಮೇಲೆ ತಾರೀಖು ಬರೆದ ದಿನದಿಂದಲೇ ಗಡುವು ಶುರು, ನೀವು ಓದಿದ ದಿನದಿಂದಲ್ಲ. ವಾಹನ ದಂಡದ ಆದೇಶಕ್ಕೆ ಆಕ್ಷೇಪಣೆ ಸಲ್ಲಿಸಲು ಇರುವುದೇ ಎರಡು ವಾರ, ನಿಮ್ಮ ರಜೆಯೂ ಅಷ್ಟೇ ಉದ್ದ. ಆನ್‌ಲೈನ್ ಆರ್ಡರ್ 14ಕ್ಕೆ ನಿಲ್ಲಿಸಿ. ಪಡೆಯುವವರಿಲ್ಲದ ಪಾರ್ಸೆಲ್ ಅಂಚೆ ಕೇಂದ್ರದಲ್ಲಿ ವಾರದಷ್ಟು ಇದ್ದು ವಾಪಸ್ ಹೋಗುತ್ತದೆ.

ರೈಲಿನಲ್ಲಿ ಏರ್‌ಪೋರ್ಟಿಗೆ ಹೋಗುವುದಾದರೆ ಸಮಯ ಮತ್ತೊಮ್ಮೆ ನೋಡಿ, ಡಿಸೆಂಬರ್ ಮಧ್ಯದಲ್ಲಿ ಹೊಸ ವೇಳಾಪಟ್ಟಿ ಬರುತ್ತದೆ.

ಉತ್ತರ 3
ಎಲ್ಲಕ್ಕಿಂತ ದೊಡ್ಡದು ರೆಸಿಡೆನ್ಸ್ ಕಾರ್ಡಿನ ಅವಧಿ, ಮೂವರದ್ದೂ ನೋಡಿ. ನವೀಕರಣಕ್ಕೆ ಹಾಕಿ ಕೈಯಲ್ಲಿ ಬರೀ ಫಿಕ್ಷನ್ಸ್‌ಬೆಶೈನಿಗುಂಗ್ (ಹೊಸ ಕಾರ್ಡ್ ಬರುವವರೆಗಿನ ತಾತ್ಕಾಲಿಕ ಪತ್ರ) ಇದ್ದರೆ ಅದರಲ್ಲಿ ಯಾವ ಖಾನೆ ಗುರುತಾಗಿದೆ ಓದಿ. ಜರ್ಮನಿಯ ವಾಸ್ತವ್ಯ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮು ಆದರೆ ಹೋಗಿ ಬರಬಹುದು, 3ನೆಯದಾದರೆ ಅದನ್ನು ಹಿಡಿದು ವಾಪಸ್ ಒಳಗೆ ಬರಲಾಗದು. ಇನ್ನೊಂದು: ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಭಾರತದಲ್ಲಿ ನಡೆಯುವುದಿಲ್ಲ. ಪ್ರವಾಸದ ಆರೋಗ್ಯ ವಿಮೆ ಬೇರೆ ತಗೊಳ್ಳಿ, ದುಬಾರಿ ಏನಲ್ಲ.

ಉತ್ತರ 4
ತಿಂಡಿ ತರುವಾಗ ಒಂದು ಮಾತು, ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಇನ್ನೂ ಮುಖ್ಯ. ಮಕ್ಕಳ ಅಂಟು ಮಿಠಾಯಿಗಳಲ್ಲಿ ಬಹುಪಾಲಿಗೆ ಜೆಲಟಿನ್ ಇರುತ್ತದೆ, ಎಷ್ಟೋ ಸಲ ಹಂದಿಯದ್ದೇ. ಹಬ್ಬದ ಚಾಕಲೇಟ್ ಡಬ್ಬಿಗಳಲ್ಲಿ ಮದ್ಯ ತುಂಬಿದವೂ ಸೇರಿರುತ್ತವೆ, ಅಜ್ಜಿ ಕೈಗೆ ಕೊಡುವ ಮೊದಲು ಹಿಂದಿನ ಚೀಟಿ ಓದಿ. ಮದ್ಯದ ಬಾಟಲಿ ದೊಡ್ಡವರಿಗೆ ತಲಾ 2 ಲೀಟರ್. ವರ್ಷಕ್ಕೂ ಮೇಲೆ ಹೊರಗಿದ್ದವರಿಗೆ ಒಡವೆ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.

ಉತ್ತರ 5
ದಾರಿ: ಹಾಸನಕ್ಕಾದರೆ ನೆಲಮಂಗಲ, ಕುಣಿಗಲ್ ಮೇಲೆ. ಅರಸೀಕೆರೆ, ಕಡೂರು ಕಡೆಯವರಿಗೆ ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು ದಾರಿ ಒಳ್ಳೇದು, ನೆಲಮಂಗಲದ ಗೋಳೇ ಇಲ್ಲ. ಮಗು ಇದೆ, ಲಗೇಜೂ ಇದೆ, ಟ್ಯಾಕ್ಸಿಯೇ ಸರಿ. ಆದರೆ ರಾತ್ರಿಯಿಡೀ ಓಡಿಸಿ ಬಂದ ಡ್ರೈವರ್ ಬೇಡ, ಸಂಜೆ ಮಲಗಿ ಎದ್ದವರನ್ನು ಕಳಿಸಿ ಅಂತ ಬುಕ್ ಮಾಡುವಾಗಲೇ ಹೇಳಿ. ಒಬ್ಬರೇ ಬರುವವರಿಗೆ ಏರ್‌ಪೋರ್ಟ್ ಬಸ್ಸು ವಾಯುವಜ್ರದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಾಸನದ ಬಸ್ಸು.

ಉತ್ತರ 6
ಚಿಕ್ಕಮಗಳೂರಿನಿಂದ ಹೇಳ್ತಿದ್ದೀನಿ. ಡಿಸೆಂಬರ್ ಅಂದರೆ ಅರೇಬಿಕಾ ಕುಯ್ಲು. ಮಾವನ ಮನೆ ಜೀಪು, ಡ್ರೈವರ್ ಇಬ್ಬರೂ ಆಳು ಕರೆತರೋದು, ಹಣ್ಣು ಪಲ್ಪರ್‌ಗೆ ಹಾಕಿಸೋದು, ಕಣ ನೋಡೋದು ಇದರಲ್ಲೇ ಇರ್ತಾರೆ. ಅವರನ್ನು ನಂಬಿ ಸುತ್ತಾಟದ ಪ್ಲ್ಯಾನ್ ಹಾಕಬೇಡಿ. ದತ್ತ ಜಯಂತಿ ಈ ಸಲ 23ರ ಆಸುಪಾಸಿಗೆ ಬರುತ್ತೆ. ಆಗ ಬಾಬಾಬುಡನ್‌ಗಿರಿ ಕಡೆ ಬಂದೋಬಸ್ತು, ಪ್ರವಾಸಿಗರನ್ನು ಬಿಡೋದಿಲ್ಲ. ಅದರ ಬೆನ್ನಿಗೇ 25ರಿಂದ ಮುಳ್ಳಯ್ಯನಗಿರಿ ದಾರಿಯಲ್ಲಿ ಕಾರಿನ ಸಾಲು. ಹೋಗಲೇಬೇಕು ಅಂದರೆ 28ರ ನಂತರದ ಕೆಲಸದ ದಿನ ಬೆಳಗ್ಗೆಗೆ ಆನ್‌ಲೈನ್‌ನಲ್ಲಿ ಮುಂಚೆಯೇ ಬುಕ್ ಮಾಡಿ. ಹಾಸನಾಂಬೆ ದರ್ಶನ ಕೇಳಬೇಡಿ, ಬಾಗಿಲು ತೆಗೆಯೋದು ದೀಪಾವಳಿ ಸಮಯಕ್ಕೆ ಮಾತ್ರ.

ರಜೆಗೆ ಬಂದವರನ್ನು ಹುಡುಕಿಕೊಂಡು ಬ್ರೋಕರ್‌ಗಳು ತೋಟ ತೋರಿಸ್ತಾರೆ. ಅನಿವಾಸಿಗಳು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದು ಇಟ್ಟುಕೊಳ್ಳಬಹುದು. ಅಡ್ವಾನ್ಸ್ ಕೊಟ್ಟುಬಿಡಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಯೋಗ ಆಯ್ತು. ವಾಪಸ್ ಒಯ್ಯೋದರ ಬಗ್ಗೆ ಯಾರೂ ಹೇಳಲಿಲ್ಲ. ಅಮ್ಮ ಆಗಲೇ ಕೊಬ್ಬರಿ, ತುಪ್ಪ ಎತ್ತಿಟ್ಟಿದ್ದಾರೆ.

ಉತ್ತರ 7
ಎರಡೂ ಆಗಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೆಂಕಿಯ ಅಪಾಯ ಅಂತ ಬೆಂಗಳೂರಲ್ಲೇ ತೆಗೆಸ್ತಾರೆ. ತುಪ್ಪ ಹಾಲಿನ ಪದಾರ್ಥ, ಐರೋಪ್ಯ ಒಕ್ಕೂಟದ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಪೇಡಾನೂ ಬೇಡ. ಹಸಿ ಕರಿಬೇವು, ವೀಳ್ಯದೆಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅದರ ಗೊಡವೆಗೆ ಹೋಗಬೇಡಿ. ಕರಿಬೇವು ನೆರಳಲ್ಲಿ ಒಣಗಿಸಿ ಚಟ್ನಿಪುಡಿಗೆ ಸೇರಿಸಿಬಿಡಿ.

ಕಾಫಿಪುಡಿ, ಕಾಳುಮೆಣಸು, ಸಾರಿನಪುಡಿ ಧಾರಾಳವಾಗಿ ಒಯ್ಯಿರಿ. ಜೇನು ತಲಾ 2 ಕೆಜಿವರೆಗೆ ಸರಿ. ಎಲ್ಲಾ ಸೇರಿ ಬೆಲೆ ದೊಡ್ಡವರಿಗೆ ತಲಾ 430 ಯೂರೊ, ಮಗಳ ಲೆಕ್ಕಕ್ಕೆ 175 ಮೀರಬಾರದು. ಕಾಫಿಪುಡಿಯನ್ನು ಹೊರಡುವ ಹಿಂದಿನ ದಿನ ಹುರಿಸಿ ಬಿಸಿಬಿಸಿ ಕಟ್ಟಿಸಿದರೆ ಪೊಟ್ಟಣ ಉಬ್ಬಿ ಬಾಯಿ ಬಿಡುತ್ತೆ. ಎರಡು ಮೂರು ದಿನ ಮೊದಲೇ ಹುರಿಸಿ, ಆರಿದ ಮೇಲೆ ಪ್ಯಾಕ್ ಮಾಡಿಸಿ. ಮಾವಿನಮಿಡಿ ಉಪ್ಪಿನಕಾಯಿ ಚೆಕ್-ಇನ್‌ಗೆ. ಜಾಡಿ ಕುತ್ತಿಗೆವರೆಗೆ ತುಂಬಬೇಡಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಕಿ ಮುಚ್ಚಳ ತಿರುಗಿಸಿ, ಎರಡು ಕವರಲ್ಲಿ ನೆಟ್ಟಗೆ ನಿಲ್ಲಿಸಿ ಸುತ್ತ ಬಟ್ಟೆ ತುರುಕಿ.